ಬೆಂಗಳೂರಿನ ಬಿಲಗಪ್ಪೆ

ಬೆಂಗಳೂರಿನ ಹೊರವಲಯದ ಕೆಮ್ಮಣ್ಣಿನೊಳಗೆ ವರ್ಷದ ಬಹುಪಾಲು ಹುದುಗಿದ್ದು, ಮಳೆ ಬಿದ್ದ ರಾತ್ರಿಗಳಲ್ಲಿ ಹೊರಬರುವ ಪುಟ್ಟ ಕಪ್ಪೆ. ಶಾಸ್ತ್ರೀಯ ಹೆಸರು ಸ್ಫೇರೋಥೆಕಾ ಬೆಂಗಳೂರು. ಡೈಕ್ರೊಗ್ಲಾಸಿಡೇ ಕುಟುಂಬಕ್ಕೆ ಸೇರಿದ್ದು. ಗದ್ದೆಬಯಲಿನ ಗೂಳಿಗಪ್ಪೆಯೂ ಇದೇ ಕುಟುಂಬದ್ದು. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿರುವ ರಾಜಾನುಕುಂಟೆಯ ಬಯಲಿನಲ್ಲಿ ಸಿಕ್ಕ ಕಪ್ಪೆಗಳನ್ನು ಆಧರಿಸಿ 2020ರಲ್ಲಿ ಇದನ್ನು ಹೊಸ ಪ್ರಭೇದವೆಂದು ಪ್ರಕಟಿಸಲಾಯಿತು. ಹೊಸ ಕಪ್ಪೆ ಎಂದರೆ ಆಗುಂಬೆ, ಕುದುರೆಮುಖ, ಕೊಡಗಿನ ಕಡೆ ಕಣ್ಣು ಹಾಯಿಸುವುದು ರೂಢಿ. ಇದು ಸಿಕ್ಕಿದ್ದು ಕಾಡಿನಲ್ಲಲ್ಲ, ಸೈಟು ಹಂಚಲು ಕಾದು ನಿಂತಂತಿರುವ ಬೋಳು ಬಯಲಿನಲ್ಲಿ. ಕಂದಾಯದ ಕಾಗದದಲ್ಲಿ ಖರಾಬು ಎಂದೋ ಗೋಮಾಳ ಎಂದೋ ಬರೆದಿರುವ, ರಿಯಲ್ ಎಸ್ಟೇಟಿನ ಮಾತಿನಲ್ಲಿ ‘ಖಾಲಿ ಜಾಗ’ ಎನಿಸಿಕೊಳ್ಳುವ ನೆಲವೇ ಈ ಪ್ರಾಣಿಯ ಮನೆ. ಅದರ ಉಳಿವು ಅಳಿವಿನ ಪ್ರಶ್ನೆಯೆಲ್ಲ ಇರುವುದೂ ಇಲ್ಲಿಯೇ.

ಉಭಯವಾಸಿಗಳಲ್ಲಿ ಇದರ ಸ್ಥಾನ

ಉಭಯವಾಸಿಗಳಲ್ಲಿ ಇಂದು ಬದುಕಿರುವ ಗಣಗಳು ಮೂರು. ಬಾಲವಿಲ್ಲದ ಕಪ್ಪೆಗಳು, ಬಾಲವಿರುವ ಸಾಲಮಾಂಡರ್‌ಗಳು, ಕಾಲೇ ಇಲ್ಲದೆ ದೊಡ್ಡ ಎರೆಹುಳುವಿನಂತೆ ಕಾಣುವ ಸಿಸಿಲಿಯನ್‌ಗಳು. ಯುರೋಪು, ಉತ್ತರ ಅಮೆರಿಕ, ಚೀನಾ, ಜಪಾನುಗಳ ಕಾಡುತೊರೆಗಳಲ್ಲಿ ಕಲ್ಲಿನಡಿಯ ತಂಪಿನಲ್ಲಿ ಬಾಳುವ ಸಾಲಮಾಂಡರ್ ಕರ್ನಾಟಕದಲ್ಲಿ ಇಲ್ಲ, ದಕ್ಷಿಣ ಭಾರತದಲ್ಲೇ ಇಲ್ಲ. ಭಾರತದಲ್ಲಿ ಅವು ಸಿಗುವುದು ಡಾರ್ಜಿಲಿಂಗ್ ಬೆಟ್ಟಗಳು ಮತ್ತು ಈಶಾನ್ಯದ ಕೆಲವು ರಾಜ್ಯಗಳಲ್ಲಿ, ಟೈಲೊಟೊಟ್ರೈಟಾನ್ ಎಂಬ ಒಂದೇ ಕುಲದ ಸದಸ್ಯರಾಗಿ. ಇದಕ್ಕೆ ಕಾರಣ ಭೂಗೋಳದ ಹಳೆಯ ಲೆಕ್ಕ. ಸಾಲಮಾಂಡರ್‌ಗಳು ಉತ್ತರದ ಭೂಖಂಡಗಳಲ್ಲಿ ಬೆಳೆದ ವಂಶ. ನಮ್ಮ ಪರ್ಯಾಯ ದ್ವೀಪ ದಕ್ಷಿಣದ ಗೊಂಡ್ವಾನದಿಂದ ಬೇರ್ಪಟ್ಟು ಬಂದ ತುಂಡು. ಏಷ್ಯಾಕ್ಕೆ ಅದು ತಾಗಿದ ಮೇಲೆ ಪೂರ್ವ ಹಿಮಾಲಯದ ತಂಪುಸೀಮೆಯವರೆಗೆ ಇಳಿದ ಸಾಲಮಾಂಡರ್, ಬಿಸಿಲಿನ ಬಯಲುಗಳನ್ನು ದಾಟಿ ಇತ್ತ ಬರಲಿಲ್ಲ.

ಸಿಸಿಲಿಯನ್‌ಗಳು ಪಶ್ಚಿಮ ಘಟ್ಟದಲ್ಲೂ ಕರಾವಳಿಯಲ್ಲೂ ಸಾಕಷ್ಟಿವೆ. ಮಂಗಳೂರಿನ ಬಳಿಯ ಗುರುಪುರದ ತೋಟವೊಂದರಿಂದಲೇ 1999ರಲ್ಲಿ ಒಂದು ಹೊಸ ಪ್ರಭೇದವನ್ನು ವಿವರಿಸಲಾಗಿದೆ. ಒಣನೆಲದ ಬೆಂಗಳೂರು ಸೀಮೆಯ ಪಾಲಿಗೆ ಬಂದದ್ದು ಕಪ್ಪೆಗಳು. ಕಲ್ಲಿನಡಿಯ ತಂಪನ್ನು ಸಾಲಮಾಂಡರ್ ಹೇಗೆ ನೆಚ್ಚಿಕೊಂಡಿದೆಯೋ, ಮಣ್ಣಿನಡಿಯ ತಂಪನ್ನು ಬಿಲಗಪ್ಪೆ ಹಾಗೆ ನೆಚ್ಚಿಕೊಂಡಿದೆ. ಎರಡಕ್ಕೂ ತೇವವಾಗಿರಲೇಬೇಕಾದ ಚರ್ಮ, ಎರಡಕ್ಕೂ ಬಿಸಿಲು ಶತ್ರು. ಹರಿಯುವ ತೊರೆ ಇಲ್ಲದ ಕಡೆ ಒಂದು ಉಭಯವಾಸಿ ಬದುಕುವುದು ಹೇಗೆ ಎಂಬುದಕ್ಕೆ ಈ ಕಪ್ಪೆ ಒಳ್ಳೆಯ ಉತ್ತರ.

ಹೆಸರು ಬಂದ ದಾರಿ

ಸ್ಫೇರೋಥೆಕಾ ಕುಲವನ್ನು ಪ್ರಾಣಿಶಾಸ್ತ್ರಜ್ಞ ಗುಂಥರ್ ಸ್ಥಾಪಿಸಿದ್ದು 1859ರಲ್ಲಿ. ಆದರೆ ಈ ಗುಂಪಿನ ಕಪ್ಪೆ ಯುರೋಪಿನ ವಿದ್ವಾಂಸರ ಕೈಸೇರಿದ್ದು ಅದಕ್ಕೂ ಅರವತ್ತು ವರ್ಷ ಮೊದಲು. ಡೇನರ ವಶದಲ್ಲಿದ್ದ ತಮಿಳು ಕರಾವಳಿಯ ತರಂಗಂಬಾಡಿಯಿಂದ ಪಾದ್ರಿಯೊಬ್ಬರು ಕಳಿಸಿದ ಮಾದರಿಯನ್ನು ನೋಡಿ ಜರ್ಮನಿಯ ಷ್ನೈಡರ್ 1799ರಲ್ಲಿ ಅದಕ್ಕೆ ರಾನಾ ಬ್ರೆವಿಸೆಪ್ಸ್ ಎಂದು ಹೆಸರಿಟ್ಟ. ಅಲ್ಲಿಂದಾಚೆ ಹೆಚ್ಚು ಕಡಿಮೆ ಎರಡು ಶತಮಾನ, ದೇಶದ ಯಾವ ಮೂಲೆಯಲ್ಲಿ ಇಂಥ ಗುಂಡು ಕಪ್ಪೆ ಸಿಕ್ಕರೂ ‘ಬ್ರೆವಿಸೆಪ್ಸ್’ ಎಂದು ಚೀಟಿ ಅಂಟಿಸಿ ಸೀಸೆಯಲ್ಲಿಡುವುದು ವಾಡಿಕೆಯಾಯಿತು. ನಡುವೆ ಬೇರೆ ಹೆಸರುಗಳು ಬಾರದೇ ಇರಲಿಲ್ಲ. ಮದರಾಸು ಸೈನ್ಯದ ವೈದ್ಯ ಜರ್ಡನ್ 1853ರಲ್ಲಿ ಒಂದನ್ನು, ಲಂಡನ್ನಿನ ಬೂಲಂಜೆ 1882ರಲ್ಲಿ ಮಂಗಳೂರಿನಿಂದ ಬಂದ ಮಾದರಿಯ ಮೇಲೆ ಸ್ಫೇರೋಥೆಕಾ ಡಾಬ್ಸೋನಿಯನ್ನು ವಿವರಿಸಿದರು.

ಈ ಸಾಲಿನಲ್ಲಿ ಬೆಂಗಳೂರಿನವರೇ ಆದ ಒಬ್ಬರನ್ನು ಬಿಡುವಂತಿಲ್ಲ. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್ (1882–1960) ದಕ್ಷಿಣ ಭಾರತದ ಕಪ್ಪೆಗಳ ಅಧ್ಯಯನಕ್ಕೆ ತಳಪಾಯ ಹಾಕಿದವರು; 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರ ಒಂದೇ ಪ್ರಬಂಧದಲ್ಲಿ ಹಲವು ಕಪ್ಪೆಗಳಿಗೆ ಹೆಸರಿಟ್ಟರು. ಕೊಡಗಿನ ಒಂದು ಬಿಲಗಪ್ಪೆಯೂ ಅದರಲ್ಲಿ ಸೇರಿತ್ತು. ಕಾಲೇಜಿನಲ್ಲಿದ್ದ ಅವರ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಇದು ನಮ್ಮ ಪ್ರಾಣಿಶಾಸ್ತ್ರಕ್ಕೆ ಆದ ದೊಡ್ಡ ನಷ್ಟ. ಅವರು ಕಂಡ ಕಪ್ಪೆ ನಿಖರವಾಗಿ ಯಾವುದು ಎಂದು ತೀರ್ಮಾನಿಸಲು ಮುಂದಿನವರು ಅದೇ ಊರುಗಳಿಗೆ ಹೋಗಿ ಮತ್ತೆ ಹುಡುಕಬೇಕಾಯಿತು. 2010ರಲ್ಲಿ ಘಟ್ಟದ ಪೊದೆಗಪ್ಪೆಗಳಿಗೆ ರಾವೋರ್ಕೆಸ್ಟಿಸ್ ಎಂಬ ಹೊಸ ಕುಲ ರಚಿಸಿದಾಗ ಅದರ ಹೆಸರಿನಲ್ಲಿ ರಾಯರ ನೆನಪನ್ನು ಸೇರಿಸಲಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ಈ ಕಪ್ಪೆಗಳನ್ನು ಆಫ್ರಿಕದ ಮರಳುಗಪ್ಪೆಗಳ ಜೊತೆ ಟೊಮೊಪ್ಟೆರ್ನ ಎಂಬ ಕುಲದಲ್ಲಿ ಇಟ್ಟಿದ್ದರು. ನೋಡಲು ಎರಡೂ ಅಷ್ಟು ಹೋಲುತ್ತವೆ. ಡಿಎನ್‌ಎ ಹೋಲಿಸಿದಾಗ ನಂಟಿನ ಬಣ್ಣ ಬಯಲಾಯಿತು: ಎರಡೂ ಬೇರೆ ಬೇರೆ ಕುಟುಂಬಗಳ ಪ್ರಾಣಿಗಳು. ಮಣ್ಣು ಅಗೆಯುವ ಕಸುಬು ಇಬ್ಬರಿಗೂ ಒಂದೇ ಮೈಕಟ್ಟು ಕೊಟ್ಟಿದೆ, ಅಷ್ಟೆ. ಅದೇ ಡಿಎನ್‌ಎ ‘ಬ್ರೆವಿಸೆಪ್ಸ್’ ಎಂಬ ಒಂದೇ ಚೀಟಿಯಡಿ ಹಲವು ಪ್ರಭೇದಗಳು ಅಡಗಿವೆ ಎಂಬುದನ್ನೂ ತೋರಿಸಿತು. 2017ರಲ್ಲಿ ಮಹಾರಾಷ್ಟ್ರದ ಕಡೆಯಿಂದ ಸ್ಫೇರೋಥೆಕಾ ಪಶ್ಚಿಮ, 2019ರಲ್ಲಿ ಜಾರ್ಖಂಡಿನಿಂದ ಸ್ಫೇರೋಥೆಕಾ ಮಗಧ ಬಂದವು. ಮರುವರ್ಷ ಬೆಂಗಳೂರಿನ ಸರದಿ.

ರಾಜಾನುಕುಂಟೆಯ ಕಪ್ಪೆಯನ್ನು ವಿವರಿಸಿದವರಲ್ಲಿ ಮೌಂಟ್ ಕಾರ್ಮೆಲ್ ಕಾಲೇಜಿನ ಪಿ. ದೀಪಕ್, ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಕೆ.ಪಿ. ದಿನೇಶ್, ಪ್ಯಾರಿಸ್ಸಿನ ನಿಸರ್ಗ ಇತಿಹಾಸ ಸಂಗ್ರಹಾಲಯದ ಆನ್‌ಮರಿ ಓಹ್ಲರ್, ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್, ಮೈಸೂರಿನ ಯುವರಾಜ ಕಾಲೇಜಿನ ಜೆ.ಎಸ್. ಆಶಾದೇವಿ ಮೊದಲಾದವರಿದ್ದರು. ಮೈಯ ಅಳತೆ, ಪಾದದ ರಚನೆ, ಡಿಎನ್‌ಎ ಮೂರನ್ನೂ ಒಟ್ಟಿಗೆ ಹಿಡಿದು, ಗೊತ್ತಿದ್ದ ಪ್ರಭೇದಗಳೊಡನೆ ಹೋಲಿಸಿ ಇದು ಬೇರೆಯೇ ಎಂದು ನಿಶ್ಚಯಿಸಿದರು. 2024ರಲ್ಲಿ ಬೆಂಗಳೂರು ಸೀಮೆಯಿಂದಲೇ ಸ್ಫೇರೋಥೆಕಾ ವರ್ಷಾಭು ಎಂಬ ಇನ್ನೊಂದು ಬಿಲಗಪ್ಪೆಯೂ ಪ್ರಕಟವಾಯಿತು. ಕೋಟಿಗೂ ಹೆಚ್ಚು ಜನರಿರುವ, ಜೀವಶಾಸ್ತ್ರದ ಪ್ರಯೋಗಾಲಯಗಳೇ ಬೀದಿಗೊಂದರಂತಿರುವ ಊರಿನ ಅಂಚಿನಲ್ಲಿ ಇವು ಇಷ್ಟು ದಿನ ಹೆಸರಿಲ್ಲದೆ ಉಳಿದದ್ದಕ್ಕೆ ಕಾರಣ ಅಪರೂಪವಲ್ಲ, ಅಸಡ್ಡೆ ಎಂದೇ ಹೇಳಬೇಕು. ಮಣಿಪಾಲದ ಸುತ್ತಿನ ಮುರಕಲ್ಲಿನ ಬಯಲಿನಲ್ಲಿ 2016ರಲ್ಲಿ ಗುರುತಿಸಿದ ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಹೆಬ್ಬೆರಳಿಗಿಂತ ಚಿಕ್ಕ ಕಪ್ಪೆಯದೂ ಇದೇ ಕಥೆ.

ಮೈಕಟ್ಟು ಮತ್ತು ತೋಡುವ ಬಗೆ

ಬಿಲಗಪ್ಪೆಗಳ ಮೈ ಗುಂಡಗೆ, ದಪ್ಪ. ತಲೆ ಗಿಡ್ಡ, ಮೂತಿ ಮೊಂಡು, ಕಾಲು ಕುಳ್ಳ. ಕಂದು, ಬೂದು, ಇಟ್ಟಿಗೆ ಬಣ್ಣಗಳು ಕಲಸಿಕೊಂಡ ಬೆನ್ನು ಕೆಮ್ಮಣ್ಣಿನ ಮೇಲೆ ಕೂತರೆ ಕಾಣುವುದೇ ಇಲ್ಲ. ಹೊಟ್ಟೆ ಬಿಳುಪು. ಗಂಡಿನ ಗಂಟಲು ಕಪ್ಪಾಗಿರುತ್ತದೆ; ಕೂಗುವಾಗ ಅದು ಉಬ್ಬುತ್ತದೆ. ಮೊದಲ ನೋಟಕ್ಕೆ ಮನೆಯಂಗಳದ ನೆಲಗಪ್ಪೆಯ ಮರಿ ಎನಿಸಬಹುದು. ಆದರೆ ನೆಲಗಪ್ಪೆಗೆ ಕಣ್ಣಿನ ಹಿಂದೆ ಎದ್ದು ಕಾಣುವ ವಿಷಗ್ರಂಥಿಯ ಉಬ್ಬು ಇರುತ್ತದೆ, ಮೈಯೆಲ್ಲ ಗಂಟುಗಂಟು. ಬಿಲಗಪ್ಪೆಗೆ ಆ ಉಬ್ಬು ಇಲ್ಲ.

ಗುರುತು ಹಿಡಿಯಬೇಕಾದದ್ದು ಹಿಂಗಾಲಿನ ಪಾದದಲ್ಲಿ. ಒಳಬೆರಳಿನ ಬುಡದಲ್ಲಿ ಚಂದ್ರಾಕಾರದ ಗಟ್ಟಿ ಗಂಟೊಂದು ಹೊರಚಾಚಿದೆ. ಅಂಚು ಹರಿತ, ಮುಟ್ಟಿದರೆ ಉಗುರಿನಷ್ಟು ಗಡುಸು. ಇದೇ ಅದರ ಸಲಿಕೆ. ಸಡಿಲ ಮಣ್ಣಿನ ಮೇಲೆ ಬಿಟ್ಟ ಕಪ್ಪೆ ಮುಂದೆ ನೋಡುತ್ತಾ ಕೂರುತ್ತದೆ, ಹಿಂದಕ್ಕೆ ಅಗೆಯುತ್ತದೆ. ಒಂದು ಹಿಂಗಾಲು ಮಣ್ಣನ್ನು ಪಕ್ಕಕ್ಕೆ ಒತ್ತಿದ ಮೇಲೆ ಇನ್ನೊಂದು. ಬಲ, ಎಡ, ಬಲ, ಎಡ. ಪ್ರತಿ ಒತ್ತಿಗೂ ಹಿಂಭಾಗ ಒಂದಿಷ್ಟು ಕುಸಿದು ಮೈ ಸ್ವಲ್ಪ ತಿರುಗುತ್ತದೆ. ಸೊಂಟ ಮುಳುಗುವ ಹೊತ್ತಿಗೆ ಪಕ್ಕದ ಮಣ್ಣು ಬೆನ್ನ ಮೇಲೆ ಜಾರಲು ಶುರು. ಕಡೆಗೆ ಕಣ್ಣೆರಡು ಮಾತ್ರ ಮೇಲಿರುತ್ತವೆ, ಅವನ್ನೂ ಒಳಕ್ಕೆ ಎಳೆದುಕೊಂಡು ಕಪ್ಪೆ ಮಾಯ. ಹೆಗ್ಗಣದ ಬಿಲಕ್ಕಿರುವಂತೆ ಬಾಯಿ ಇದಕ್ಕಿಲ್ಲ. ಇಳಿದ ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಗೆತ ಇಷ್ಟು ಸಲೀಸಾಗುವುದು ಮಣ್ಣು ಸಡಿಲವಾಗಿ, ಸ್ವಲ್ಪ ತೇವವಾಗಿ ಇದ್ದಾಗ. ರೋಡ್ ರೋಲರ್ ಓಡಿದ ನೆಲದಲ್ಲಿ ಈ ಸಲಿಕೆ ನಡೆಯುವುದಿಲ್ಲ.

ಒಳಗಿರುವಾಗ ನೀರಿನ ಗತಿ ಏನು? ಕಪ್ಪೆ ಬಾಯಿಂದ ನೀರು ಕುಡಿಯುವ ಪ್ರಾಣಿಯಲ್ಲ. ಕೆಳಹೊಟ್ಟೆ ಮತ್ತು ತೊಡೆಯ ತೆಳು ಚರ್ಮ ಒದ್ದೆ ಮಣ್ಣಿಗೆ ತಾಗಿದ್ದರೆ ಸಾಕು, ನೀರು ಮೈಯೊಳಕ್ಕೆ ಇಳಿಯುತ್ತದೆ. ಒಣಸೀಮೆಯ ಕಪ್ಪೆಗಳು ಮೂತ್ರಕೋಶದಲ್ಲಿ ತಿಳಿನೀರು ಕೂಡಿಟ್ಟುಕೊಂಡು ಬೇಕಾದಾಗ ರಕ್ತಕ್ಕೆ ಹಿಂದೆ ಪಡೆಯುತ್ತವೆ. ಉಸಿರಾಟ, ಎದೆಬಡಿತ ಇಳಿದು, ಕೊಬ್ಬನ್ನು ಕರಗಿಸಿಕೊಳ್ಳುತ್ತಾ ತಿಂಗಳುಗಟ್ಟಲೆ ಕಳೆಯುತ್ತವೆ. ಇದೇ ಗ್ರೀಷ್ಮನಿದ್ರೆ. ನೀರನ್ನು ಹೀರುವ ಅದೇ ಚರ್ಮ ನೀರಿನಲ್ಲಿ ಕರಗಿದ ಬೇರೆಲ್ಲವನ್ನೂ ಒಳಬಿಟ್ಟುಕೊಳ್ಳುತ್ತದೆ ಎಂಬುದು ಬೆಂಗಳೂರಿನ ಕೈಗಾರಿಕಾ ವಲಯಗಳ ಮಟ್ಟಿಗೆ ಮುಖ್ಯವಾದ ಮಾತು.

ವರ್ಷದ ಬಾಳು

ಬೆಂಗಳೂರು ಸೀಮೆಗೆ ಮಳೆ ಎರಡು ಕಂತಿನಲ್ಲಿ ಬರುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಮೊದಲನೆಯದು. ಜೂನ್–ಜುಲೈಗಳಲ್ಲಿ ಮೋಡವಿದ್ದರೂ ಸುರಿಯುವುದು ಕಡಿಮೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನದು ದೊಡ್ಡ ಕಂತು. ಬಿಲಗಪ್ಪೆಯ ಪಂಚಾಂಗವೂ ಇದೇ. ಅಶ್ವಿನಿ, ಭರಣಿಯ ಮೊದಲ ಜಡಿಮಳೆ ಬಿದ್ದ ಸಂಜೆ ಗೆದ್ದಲಿನ ರೆಕ್ಕೆಹುಳಗಳು ಬೀದಿದೀಪಕ್ಕೆ ಮುತ್ತುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಸಂಜೆ ದೀಪದ ಕೆಳಗಿನ ಒದ್ದೆ ನೆಲದಲ್ಲಿ ಕಪ್ಪೆಗಳೂ ನೆರೆಯುತ್ತವೆ. ತಿಂಗಳುಗಟ್ಟಲೆ ಉಪವಾಸವಿದ್ದ ಪ್ರಾಣಿಗೆ ಗೆದ್ದಲಿಗಿಂತ ಒಳ್ಳೆಯ ಊಟವಿಲ್ಲ. ಇರುವೆ, ಜೀರುಂಡೆ, ಸಣ್ಣ ಹುಳುಗಳೂ ಆಗುತ್ತವೆ.

ಮಣ್ಣಿನಡಿ ಇರುವ ಕಪ್ಪೆಗೆ ಮೇಲೆ ಮಳೆಯಾದ ಸುದ್ದಿ ತಿಳಿಯುವುದು ಹೇಗೆ ಎಂಬುದನ್ನು ಉತ್ತರ ಅಮೆರಿಕದ ಮರುಭೂಮಿಯ ಸ್ಪೇಡ್‌ಫುಟ್ ಕಪ್ಪೆಗಳಲ್ಲಿ ಪರೀಕ್ಷಿಸಿದ್ದಾರೆ. ಮಣ್ಣು ಒಣಗಿದ್ದರೂ, ಹತ್ತಿರ ಮೋಟರು ಓಡಿಸಿ ನೆಲ ನಡುಗಿಸಿದಾಗ ಅವು ಮೇಲೆ ಬಂದವು. ಅಂದರೆ ಅವಕ್ಕೆ ಕರೆ ಮುಟ್ಟುವುದು ತೇವದಿಂದಲ್ಲ, ಹನಿಗಳ ಬಡಿತದಿಂದ. ಹಗಲೂ ರಾತ್ರಿ ಪ್ರೆಸ್ ಮೆಷಿನ್ನುಗಳು ಕುಟ್ಟುವ ಪೀಣ್ಯದ ಕಾರ್ಖಾನೆಗಳ ಪಕ್ಕದಲ್ಲಿ ಇಂಥ ಕಿವಿಯ ಪ್ರಾಣಿ ಇರುವುದು ಸುಖದ ಮಾತಲ್ಲ.

ಹೊರಬಂದ ಗಂಡುಗಳು ಮಳೆನೀರು ನಿಂತ ಗುಂಡಿ, ಕುಂಟೆ, ಗಾಡಿಜಾಡುಗಳ ಅಂಚಿನಲ್ಲಿ ಸೇರಿ ಕೂಗುತ್ತವೆ. ಕೆಲವೇ ರಾತ್ರಿಗಳ ಜಾತ್ರೆ ಇದು. ಹೆಣ್ಣುಗಳು ಬಂದು, ಜೋಡಿಯಾಗಿ, ಮೊಟ್ಟೆಯಿಟ್ಟು ಹೋದ ಮೇಲೆ ಗುಂಡಿ ಮತ್ತೆ ಮೌನ. ಮೊಟ್ಟೆಯಿಂದ ಗೊದಮೊಟ್ಟೆ, ಗೊದಮೊಟ್ಟೆಯಿಂದ ಮರಿಗಪ್ಪೆ, ಎಲ್ಲವೂ ನೀರು ಬತ್ತುವುದರೊಳಗೆ ಮುಗಿಯಬೇಕು. ಇಂಥ ತಾತ್ಕಾಲಿಕ ನೀರಿನ ಕಪ್ಪೆಗಳ ಗೊದಮೊಟ್ಟೆಗಳಲ್ಲಿ ಒಂದು ಸೋಜಿಗದ ಗುಣವಿದೆ. ನೀರು ಇಳಿಯತೊಡಗಿದರೆ ಮೈಯ ಒತ್ತಡದ ಹಾರ್ಮೋನು ಏರಿ, ಅದು ಥೈರಾಯ್ಡ್ ಹಾರ್ಮೋನಿಗೆ ಒತ್ತಾಸೆಯಾಗಿ, ರೂಪಾಂತರ ಬೇಗ ನಡೆಯುತ್ತದೆ. ಮೈ ಚಿಕ್ಕದಾದರೂ ಸರಿ, ಕಾಲು ಮೂಡಿದರೆ ಸಾಕು ಎಂಬ ಅವಸರ. ಸ್ಪೇಡ್‌ಫುಟ್‌ಗಳಲ್ಲಿ ಕೆಲವು ಹತ್ತು ದಿನದೊಳಗೇ ಈ ಕೆಲಸ ಮುಗಿಸುತ್ತವೆ. ನಮ್ಮ ಬಿಲಗಪ್ಪೆಗಳಿಗೆ ಕೆಲವು ವಾರ ಬೇಕು.

ಬತ್ತಿಹೋಗುವ ನೀರನ್ನೇ ಇವು ನೆಚ್ಚುವುದೇಕೆ? ಅಲ್ಲಿ ಮೀನಿಲ್ಲ, ಅದಕ್ಕೆ. ವರ್ಷಪೂರ್ತಿ ನೀರಿರುವ ಕೆರೆಯಲ್ಲಿ ಮೀನು ಗೊದಮೊಟ್ಟೆಗಳನ್ನು ಉಳಿಸುವುದಿಲ್ಲ. ಬಿಲಗಪ್ಪೆಗೆ ಬೇಕಾದದ್ದು ಕೆಲವು ವಾರ ನಿಲ್ಲುವ, ಆಮೇಲೆ ಒಣಗುವ ನೀರು. ಪಕ್ಕದಲ್ಲೇ ಅಗೆಯಲು ಬರುವ ಮಣ್ಣು. ಎರಡರಲ್ಲಿ ಒಂದು ತಪ್ಪಿದರೂ ಸಂಸಾರ ನಡೆಯದು. ನಗರ ಯೋಜನೆಯಲ್ಲಿ ಕೆರೆಗೆ ಒಂದು ಹೆಸರಿದೆ, ಸರ್ವೆ ನಂಬರಿದೆ, ಅದರ ಪರವಾಗಿ ಕೋರ್ಟಿಗೆ ಹೋಗುವ ಜನರಿದ್ದಾರೆ. ಮರಕ್ಕೂ ಕಾಯ್ದೆಯಿದೆ. ಮಳೆಗಾಲದ ಗುಂಡಿಗೆ ಇವು ಯಾವುವೂ ಇಲ್ಲ. ಅದನ್ನು ಮುಚ್ಚಿಸಿದ ಎಂಜಿನಿಯರನ್ನು ಜನ ಹೊಗಳುತ್ತಾರೆ.

ನೆರೆಹೊರೆ

ಇದೇ ಸೀಮೆಯಲ್ಲಿ ಮಣ್ಣು ಅಗೆಯುವ ಇನ್ನೂ ಕೆಲವು ಕಪ್ಪೆಗಳಿವೆ. ಯುಪೆರೊಡಾನ್ ಸಿಸ್ಟೋಮಾ ಎಂಬುದು ಬೆದರಿದಾಗ ಗಾಳಿ ತುಂಬಿಕೊಂಡು ಬಲೂನಿನಂತೆ ಉಬ್ಬುತ್ತದೆ. ಬಾಯಿ ತೀರ ಚಿಕ್ಕದು, ಆಹಾರ ಮುಖ್ಯವಾಗಿ ಗೆದ್ದಲು. ಕಾಳಿನಷ್ಟೇ ಎನ್ನಬಹುದಾದ ಮೈಕ್ರೋಹೈಲಾಗಳ ಕೂಗು ಮಾತ್ರ ಮೈಗೆ ಮೀರಿದ್ದು; ಹುಲ್ಲಿನ ಬುಡದಲ್ಲಿ ಕೂತು ಟರ್ರ್ ಎನ್ನುತ್ತಿದ್ದರೆ ಕೀಟವೆಂದು ತಿಳಿಯುವವರೇ ಹೆಚ್ಚು. ಗೂಳಿಗಪ್ಪೆಯ ಗಂಡು ಮೊದಲ ಮಳೆಗೆ ನಿಂಬೆಹಳದಿಗೆ ತಿರುಗಿ, ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಇದರ ಗೊದಮೊಟ್ಟೆಗಳು ಬೇರೆ ಗೊದಮೊಟ್ಟೆಗಳನ್ನು ತಿನ್ನುವ ಬೇಟೆಗಾರರು. ಕಾಲಿನ ಮಾಂಸಕ್ಕಾಗಿ ಇವನ್ನು ಲಕ್ಷಗಟ್ಟಲೆ ಹಿಡಿದು ಹೊರದೇಶಕ್ಕೆ ಕಳಿಸುತ್ತಿದ್ದ ವ್ಯಾಪಾರವನ್ನು ಭಾರತ ಸರ್ಕಾರ 1987ರಲ್ಲಿ ನಿಷೇಧಿಸಿತು. ಗೋಡೆ ಹತ್ತುವ, ಬಚ್ಚಲಿನಲ್ಲಿ ಕಾಣಿಸಿಕೊಳ್ಳುವ ಮರಗಪ್ಪೆ ನೀರಿನ ಮೇಲಿನ ಕೊಂಬೆಗೋ ತೊಟ್ಟಿಯ ಗೋಡೆಗೋ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಚರಂಡಿ, ರಾಜಕಾಲುವೆಗಳ ಹೊಲಸು ನೀರನ್ನೂ ತಾಳಿಕೊಳ್ಳುವುದು ಯೂಫ್ಲಿಕ್ಟಿಸ್ ಎಂಬ ನೀರುಗಪ್ಪೆ. ಹೆದರಿಸಿದರೆ ನೀರಿನ ಮೇಲೆಯೇ ಕುಪ್ಪಳಿಸುತ್ತಾ ಓಡುತ್ತದೆ. ನಗರ ಬೆಳೆದಷ್ಟೂ ಹೆಚ್ಚಾಗಿ ಕಾಣುವುದು ಇದು ಮತ್ತು ನೆಲಗಪ್ಪೆ. ಹಾಗಾಗಿ ‘ನಮ್ಮ ಲೇಔಟಿನಲ್ಲಿ ಕಪ್ಪೆ ಕೂಗುತ್ತದೆ’ ಎಂದ ಮಾತ್ರಕ್ಕೆ ಎಲ್ಲ ಕಪ್ಪೆಗಳೂ ಸುಖವಾಗಿವೆ ಎಂದಲ್ಲ.

ಅಗೆಯುವ ಕಪ್ಪೆಗಳಲ್ಲಿ ಲೋಕಪ್ರಸಿದ್ಧವಾದದ್ದು ಕೇರಳದ ಇಡುಕ್ಕಿಯಿಂದ 2003ರಲ್ಲಿ ವಿವರಿಸಿದ ನೇರಳೆ ಬಣ್ಣದ ನಾಸಿಕಬಟ್ರಾಕಸ್. ಅದರ ಹತ್ತಿರದ ನಂಟರು ಇರುವುದು ಸೇಶೆಲ್ಸ್ ದ್ವೀಪಗಳಲ್ಲಿ. ಘಟ್ಟದ ಆ ಕಪ್ಪೆಗೆ ಸಿಕ್ಕ ಮಾನ ಬಯಲಿನ ಬಿಲಗಪ್ಪೆಗೆ ಸಿಕ್ಕಿಲ್ಲ. ಇದನ್ನು ತಿಂದು ಬದುಕುವವರ ಸಾಲು ಮಾತ್ರ ದೊಡ್ಡದು: ಕೇರೆ, ನಾಗರ, ನೀರುಹಾವು, ಗೂಬೆ, ಕೊಕ್ಕರೆ. ಹೊಲ ಉಳುವ ಟ್ರ್ಯಾಕ್ಟರಿನ ಹಿಂದೆ, ಪಾಯ ಅಗೆಯುವ ಜೆಸಿಬಿಯ ಹಿಂದೆ ಬೆಳ್ಳಕ್ಕಿಗಳು ಸಾಲುಗಟ್ಟಿ ನಡೆಯುವುದು ಮಣ್ಣಿನಿಂದ ಹೊರಬೀಳುವ ಹುಳುಗಳಿಗೂ ಇಂಥ ಕಪ್ಪೆಗಳಿಗೂ ಹೊಂಚುಹಾಕಿ.

ಕಪ್ಪೆಗೂ ಮಳೆಗೂ ಇರುವ ನಂಟನ್ನು ಕರ್ನಾಟಕದ ಜನ ತಮ್ಮ ರೀತಿಯಲ್ಲಿ ಗುರುತಿಸಿದ್ದಾರೆ. ಮುಂಗಾರು ಕೈಕೊಟ್ಟಾಗ ಕಪ್ಪೆಗಳ ಮದುವೆ ಮಾಡುವುದು, ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ಹುಡುಗರು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ನೀರು ಹೊಯ್ಸಿಕೊಳ್ಳುವುದು ಈಗಲೂ ಅಲ್ಲಲ್ಲಿ ಉಂಟು. ಕಪ್ಪೆ ಕೂಗಿದರೆ ಮಳೆ ಎಂಬ ನಂಬಿಕೆಯಲ್ಲಿ ಸ್ವಲ್ಪ ಹುರುಳಿದೆ. ಗಾಳಿಯ ತೇವ ಏರಿದಾಗ ಮರಗಪ್ಪೆಗಳು ಮಳೆಗೆ ಮುಂಚೆಯೇ ದನಿಯೆತ್ತುತ್ತವೆ. ಬಿಲಗಪ್ಪೆ ಹಾಗಲ್ಲ, ಮಳೆ ಬಿದ್ದ ಮೇಲೆಯೇ ಅದರ ಮಾತು.

ನೆಲದ ಕಥೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏಣಿನ ಮೇಲೆ ಕೂತಿದೆ. ಏಣಿನ ಪಡುವಲಿಗೆ ಬಿದ್ದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಮೂಡಲಿಗೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿ ಇಲ್ಲದ ಈ ಏಣಿನ ಮೇಲೆ ಜನ ಕೆರೆಯ ಕೆಳಗೆ ಕೆರೆ ಕಟ್ಟಿ, ಹೊಲಗಳ ತಗ್ಗಿನಲ್ಲಿ ಕುಂಟೆ ತೋಡಿ ನೀರು ಹಿಡಿದರು. ಕೆರೆ ಮೀನಿಗೂ ಭತ್ತಕ್ಕೂ ಒದಗಿತು. ದನ ಕುಡಿಯಲು ತೋಡಿದ, ಬೇಸಿಗೆಗೆ ಬತ್ತುವ ಕುಂಟೆ ಯಾರೂ ಎಣಿಸದೆಯೇ ಕಪ್ಪೆಗಳಿಗೆ ಒದಗಿತು. ಸುತ್ತ ರಾಗಿ ಹೊಲ: ವರ್ಷಕ್ಕೊಮ್ಮೆ ಉಳುವುದರಿಂದ ಮಣ್ಣು ಸಡಿಲ, ಬದುಗಳ ಮೇಲೆ ಉಳದ ನೆಲವೂ ಇತ್ತು. ರಾಗಿ ಕೃಷಿ ಬಿಲಗಪ್ಪೆಗೆ ಹೇಳಿ ಮಾಡಿಸಿದಂತಿತ್ತು ಎಂದರೆ ಹೆಚ್ಚಾಗದು.

ಆ ನೆಲ ಬದಲಾದದ್ದು ಹಂತಹಂತವಾಗಿ. ವೈಟ್‌ಫೀಲ್ಡ್ 1882ರಲ್ಲಿ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಾಗದಲ್ಲಿ ಹುಟ್ಟಿದ ಕೃಷಿ ವಸಾಹತು. ಶತಮಾನಕಾಲ ತೋಟಗಳ ಊರಾಗಿಯೇ ಇತ್ತು, 1990ರ ದಶಕದಲ್ಲಿ ಐಟಿ ಪಾರ್ಕ್ ಬರುವವರೆಗೆ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಾಯಿತು. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನು ಹೋಲಿಸಿ ತೋರಿಸಿರುವಂತೆ 1973ರಿಂದೀಚೆಗೆ ನಗರದ ಜಲಮೂಲಗಳ ವಿಸ್ತಾರದಲ್ಲಿ ಸುಮಾರು ಮುಕ್ಕಾಲು ಪಾಲು ಇಲ್ಲವಾಗಿದೆ. ಉಪಗ್ರಹದ ಕಣ್ಣಿಗೆ ಬೀಳದ ಪುಟ್ಟ ಕುಂಟೆಗಳು ಈ ಲೆಕ್ಕದಿಂದ ಹೊರಗೆ.

ಮೂರು ವಲಯಗಳಲ್ಲೂ ತೊಂದರೆ ಒಂದೇ ಬಗೆಯದಲ್ಲ. ಪೀಣ್ಯದ ಲೋಹಲೇಪನ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದಿರುವುದು ದಾಖಲಾದ ಸಂಗತಿ; ಚರ್ಮದಿಂದಲೇ ನೀರು ಹೀರುವ ಪ್ರಾಣಿಗೆ ಅಂಥ ಮಣ್ಣಿನಲ್ಲಿ ಹುದುಗಿರುವುದೆಂದರೆ ವಿಷದಲ್ಲಿ ನೆನೆದಂತೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಟೆಕ್ ಪಾರ್ಕುಗಳಲ್ಲಿ ವಿಷಕ್ಕಿಂತ ಗಚ್ಚಿನ ಕಾಟ ಹೆಚ್ಚು. ಕಾರು ನಿಲ್ಲಿಸುವ ಜಾಗಕ್ಕೆಲ್ಲ ಪೇವರ್ ಕಲ್ಲು, ಉಳಿದ ಕಡೆ ತಂದು ಹಾಸಿದ ಹುಲ್ಲು, ಹುಲ್ಲಿಗೆ ಕೀಟನಾಶಕ. ಬಿದ್ದ ಮಳೆ ಒಂದು ಗಳಿಗೆಯೂ ನಿಲ್ಲದೆ ಮುಚ್ಚಿದ ಮೋರಿಗೆ. ಹಸಿರಿಗೆ ಕೊರತೆಯಿಲ್ಲ, ಅಗೆಯುವ ಮಣ್ಣಿಗೆ ಕೊರತೆ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಡೆಯುವ ಕೆಲಸದಿಂದಲೂ ಬಿಲಗಪ್ಪೆಗೆ ಸಹಾಯವಾಗುವುದಿಲ್ಲ. ಅಂಚಿನ ಜೌಗನ್ನು ಕೆತ್ತಿ ಬಟ್ಟಲಿನಂತೆ ಆಳ ಮಾಡಿ, ದಡಕ್ಕೆ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ಪಾತ್ ಹಾಕಿದರೆ ಬೆಳಗಿನ ನಡಿಗೆಯವರಿಗೆ ಅನುಕೂಲ. ಕಪ್ಪೆಗೆ ಬೇಕಾದ ಮೊಣಕಾಲುದ್ದದ ನೀರು ಎಲ್ಲೂ ಉಳಿಯದು. ಸೊಳ್ಳೆ ತಡೆಯಲು ಬಿಡುವ ಗಂಬೂಸಿಯ ಮೀನು ಸೊಳ್ಳೆಯ ಮರಿಗಳ ಜೊತೆ ಗೊದಮೊಟ್ಟೆಗಳನ್ನೂ ತಿನ್ನುತ್ತದೆ.

ಜಗತ್ತಿನ ಉಭಯವಾಸಿಗಳಲ್ಲಿ ಹತ್ತಿರಹತ್ತಿರ ಶೇಕಡ 41 ಅಳಿವಿನ ಅಂಚಿನಲ್ಲಿವೆ ಎಂದು 2023ರ ಜಾಗತಿಕ ಸಮೀಕ್ಷೆ ಹೇಳಿತು. ಬೆನ್ನೆಲುಬಿರುವ ಬೇರಾವ ಪ್ರಾಣಿವರ್ಗಕ್ಕೂ ಇಷ್ಟು ಕಷ್ಟ ಬಂದಿಲ್ಲ. ಬೆಂಗಳೂರಿನ ಉತ್ತರದಲ್ಲಿ ಹೆಸರಘಟ್ಟದ ಹುಲ್ಲುಗಾವಲಿನಂಥ ಕೆಲವು ಬಯಲುಗಳು ಇನ್ನೂ ಉಳಿದಿವೆ. ಅವನ್ನು ಬಂಜರು ಎನ್ನದೆ ಜೀವಿಗಳ ನೆಲೆ ಎಂದು ಉಳಿಸಿಕೊಳ್ಳಬೇಕೆಂದು ನಿಸರ್ಗಾಸಕ್ತರು ವರ್ಷಗಳಿಂದ ವಾದಿಸುತ್ತಿದ್ದಾರೆ. ಗಿಡ ನೆಡುವ ಉತ್ಸಾಹವೂ ಅಲ್ಲಿ ಹಾನಿಯೇ. ಬಯಲು ಬಯಲಾಗಿ ಇರುವುದೇ ಬಿಲಗಪ್ಪೆಗೆ ಮೇಲು.

ಅಗೆಯುವಾಗ ಸಿಕ್ಕರೆ

ಪಾಯ ತೋಡುವಾಗ, ಪೈಪು ಹಾಕುವಾಗ, ಕೈತೋಟ ಅಗೆಯುವಾಗ ಇಂಥ ಗುಂಡು ಕಪ್ಪೆ ಹೊರಬೀಳುವುದು ಹೊರವಲಯದ ಬಡಾವಣೆಗಳಲ್ಲಿ ಈಗಲೂ ಆಗುತ್ತದೆ. ಮೈ ಉಬ್ಬಿಸಿ ಅಲ್ಲಾಡದೆ ಕೂರುವುದರಿಂದ ಸತ್ತಿದೆ ಎನಿಸಬಹುದು. ಕೈ ಒದ್ದೆ ಮಾಡಿಕೊಂಡು ಎತ್ತಬೇಕು. ಸ್ಯಾನಿಟೈಸರ್, ಸೊಳ್ಳೆ ಮುಲಾಮು ಹಚ್ಚಿದ ಕೈ ಆಗದು. ಪಾದದ ಗಂಟು ಕಾಣುವಂತೆ ಒಂದು ಫೋಟೊ, ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆದು ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕಿದರೆ ಅಧ್ಯಯನಕ್ಕೆ ಉಪಯೋಗ. ಬಿಲಗಪ್ಪೆಗಳಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಫೋಟೊ ನೋಡಿ ಬೇರ್ಪಡಿಸುವುದು ತಜ್ಞರಿಗೂ ಕಷ್ಟವಾದ್ದರಿಂದ, ಸಿಕ್ಕ ಜಾಗ, ದಿನ, ಮಣ್ಣಿನ ಬಗೆ ಬರೆದಿಡುವುದು ಫೋಟೊದಷ್ಟೇ ಮುಖ್ಯ.

ಆಮೇಲೆ ಬಿಡುವುದು ಎಲ್ಲಿ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಕಪ್ಪೆ ಎಂದಮೇಲೆ ನೀರಿಗೆ ಸೇರಿದ್ದು ಎಂದು ಹತ್ತಿರದ ಕೆರೆಗೆ ಎಸೆಯುತ್ತಾರೆ. ಬೆರಳುಗಳ ನಡುವೆ ಜಾಲಪೊರೆ ಅಷ್ಟಾಗಿ ಇಲ್ಲದ ಈ ಕಪ್ಪೆ ಈಜಿನಲ್ಲಿ ಹಿಂದೆ. ಕೆರೆಗಳಲ್ಲಿ ಈಗ ತುಂಬಿರುವುದು ತಿಲಾಪಿಯ ಮತ್ತು ಆಫ್ರಿಕದ ಕ್ಯಾಟ್‌ಫಿಶ್. ಸಿಕ್ಕಿದ ಜಾಗದಿಂದ ಹೆಚ್ಚು ದೂರ ಹೋಗದೆ, ನೆರಳಿರುವ, ಗೊಬ್ಬರ ಔಷಧಿ ಬೀಳದ, ಬೆರಳಿನಿಂದ ಕೆದಕಿದರೆ ಬಿಡುವಂಥ ತೇವದ ಮಣ್ಣಿನ ಮೇಲೆ ಇಟ್ಟು ಸುತ್ತಲಿನವರನ್ನು ಸ್ವಲ್ಪ ದೂರ ಸರಿಸಿದರೆ ಸಾಕು. ಉಳಿದ ಕೆಲಸ ಅದರ ಹಿಂಗಾಲಿಗೆ ಗೊತ್ತು.